ಬಾಟಲಿ ಮೇಲೆ ‘ಡ್ರೈ’, ಬಾಯಿಗೆ ಸಿಹಿ: ಈ ಸಾಕೆ ಲೆಕ್ಕ ಯಾರಾದರೂ ಬಿಡಿಸಿ ಹೇಳಿ

ನಾಗಾವೊಕ_ಚಳಿ:
ಎಲ್ಲರಿಗೂ ನಮಸ್ಕಾರ. ಊರು ಶಿವಮೊಗ್ಗದ ಹತ್ತಿರ. ಒಂದೂವರೆ ವರ್ಷದಿಂದ ಜಪಾನಿನ ನೀಗಾತ ಪ್ರಾಂತ್ಯದ ನಾಗಾವೊಕದಲ್ಲಿದ್ದೇನೆ. ಹಿಮ ಬೀಳುವ ಸೀಮೆ. ಎತ್ತ ನೋಡಿದರೂ ಭತ್ತದ ಗದ್ದೆ, ಗದ್ದೆ ಮುಗಿದ ಕಡೆ ಸಾಕೆ (ಇಲ್ಲಿನ ಅಕ್ಕಿ ಮದ್ಯ) ಭಟ್ಟಿ. ಈ ಒಂದು ಪ್ರಾಂತ್ಯದಲ್ಲೇ ಸುಮಾರು 90 ಇವೆ.

ಊರಲ್ಲಿದ್ದಾಗ ನಾನು ಬಿಯರ್ ಗಿರಾಕಿ. ಇಲ್ಲಿ ಆಫೀಸಿನ ವರ್ಷದ ಕೊನೆಯ ಪಾರ್ಟಿಯಲ್ಲಿ ಪಕ್ಕದಲ್ಲಿ ಕೂತ ಹಿರಿಯರು ಪುಟ್ಟ ಬಟ್ಟಲಿಗೆ ಸುರಿದು, ‘ಇದು ಕರಾಕುಚಿ, ನೀಗಾತಕ್ಕೆ ಬಂದು ಇದನ್ನು ಕುಡಿಯದಿದ್ದರೆ ಹೇಗೆ’ ಅಂದರು. ಕರಾಕುಚಿ ಅಂದರೆ ಡ್ರೈ, ಸಿಹಿ ಇಲ್ಲದ್ದು. ತುಂಬಾ ಹಿಡಿಸಿತು. ಮುಂದಿನ ವಾರ ನಾನೇ ಅಂಗಡಿಗೆ ಹೋಗಿ ಎರಡು ಬಾಟಲಿ ತಂದೆ. ತಲೆನೋವು ಅಲ್ಲಿಂದ ಶುರು. ಕುಡಿದದ್ದರಿಂದ ಬಂದದ್ದಲ್ಲ, ಚೀಟಿ ಓದಿದ್ದರಿಂದ.

ಮೊದಲನೆಯದು ಜುನ್ಮಾಯ್ ಗಿಂಜೊ, ಅಂದರೆ ಹೊರಗಿನ ಆಲ್ಕೋಹಾಲ್ ಬೆರೆಸದ (ಜುನ್ಮಾಯ್), ಹೆಚ್ಚು ಪಾಲಿಶ್ ಮಾಡಿದ ಅಕ್ಕಿಯದು (ಗಿಂಜೊ). ಮುಂದೆಯೇ ದೊಡ್ಡದಾಗಿ ‘ಕರಾಕುಚಿ’. ಹಿಂದಿನ ಚೀಟಿಯಲ್ಲಿ ‘ನಿಹೊನ್ಶುದೊ +5, ಆಮ್ಲ 1.2’. ಎರಡನೆಯದು ಕಿಮೊತೊ ಅನ್ನುವ ಹಳೇ ಪದ್ಧತಿಯ ಜುನ್ಮಾಯ್. ಕರಾಕುಚಿ ಅಂತ ಎಲ್ಲೂ ಬರೆದಿಲ್ಲ. ‘+2, ಆಮ್ಲ 1.9’. ಪ್ಲಸ್ ಏರಿದಷ್ಟೂ ಡ್ರೈ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ಉಲ್ಟಾ. +5 ಇದ್ದದ್ದು ಮಾಗಿದ ಸೇಬು ಕಚ್ಚಿದ ಹಾಗೆ. +2 ಇದ್ದದ್ದು ನುಂಗಿದ ಕೂಡಲೇ ಬಾಯೆಲ್ಲ ಒಣಗಿಸಿತು. ನನ್ನ ನಾಲಿಗೆ ಕೆಟ್ಟಿದೆಯಾ, ಚೀಟಿ ಸುಳ್ಳಾ?

ಒಣಮೆಣಸು:
‘ಸಾಕೆ?’ ಅಂತ ಕೇಳಿದರೆ ನಮ್ಮ ಬ್ಯಾಡಗಿ ಕಡೆ ಯಾರೂ ಸಾಕು ಅನ್ನುವುದಿಲ್ಲ.

ಕಟ್ಟೆ_ಕಾವಲು (ಮೇಲ್ವಿಚಾರಕ):
ಈ ಜೋಕು ಇಲ್ಲಿ ನಾಲ್ಕನೇ ಸಲ ಬರುತ್ತಿದೆ. ಐದನೇ ಸಲ ಅಳಿಸುತ್ತೇನೆ.

ನಿಶಿಕಸಾಯ್_ಅಕ್ಕ:
ತಮ್ಮಾ, ನಿನ್ನ ನಾಲಿಗೆ ಸರಿಯಾಗೇ ಇದೆ. ಮೊದಲು ಎರಡು ಸಣ್ಣ ತಿದ್ದುಪಡಿ. ಸಾಕೆ ಭಟ್ಟಿ ಅನ್ನಬೇಡ. ಭಟ್ಟಿ ಇಳಿಸಿದರೆ ಅದು ಶೋಚು. ಸಾಕೆಯನ್ನು ಹುದುಗಿಸಿ ಹಿಂಡುತ್ತಾರೆ ಅಷ್ಟೆ. ಮಾಡುವ ಜಾಗಕ್ಕೆ ಕುರಾ ಅಂತಾರೆ. ಇನ್ನೊಂದು, ಜಪಾನಿನಲ್ಲಿ ‘ಸಾಕೆ’ ಅಂದರೆ ಯಾವ ಮದ್ಯ ಬೇಕಾದರೂ ಆಗಬಹುದು, ಬಿಯರ್ ಕೂಡ. ಅಂಗಡಿಯಲ್ಲಿ ‘ನಿಹೊನ್ಶು’ ಅಂತ ಕೇಳು.

ಈಗ ವಿಷಯ. ನಾನು ಟೋಕಿಯೋಗೆ ಬಂದು 11 ವರ್ಷ. ನಮ್ಮ ಬೀದಿಯ ಮದ್ಯದಂಗಡಿಯ ಮುದುಕರ ಹತ್ತಿರ ಮೊದಮೊದಲು ನಾನೂ ‘ಕರಾಕುಚಿ ಕೊಡಿ’ ಅಂತಲೇ ಕೇಳುತ್ತಿದ್ದೆ. ಅವರು ಒಂದು ದಿನ ನಕ್ಕು, ‘ಎಲ್ಲರೂ ಅದನ್ನೇ ಕೇಳುತ್ತಾರೆ. ಅದರಲ್ಲಿ ಅರ್ಧ ಜನಕ್ಕೆ ಬೇಕಿರುವುದು ಕರಾಕುಚಿ ಅಲ್ಲ, ಕಿರೆ’ ಅಂದರು. ಕಿರೆ ಅಂದರೆ ಕಡಿತ. ರುಚಿ ಬಾಯಲ್ಲಿ ಅಂಟಿಕೊಂಡು ಕೂರದೆ ನುಂಗಿದ ಮೇಲೆ ಪಟ್ಟನೆ ಕಡಿದುಹೋಗಬೇಕು. ಮೊದಲ ಗುಟುಕು ಸ್ವಲ್ಪ ಸಿಹಿ ಇದ್ದರೂ ಕಿರೆ ಚೆನ್ನಾಗಿದ್ದರೆ ಒಟ್ಟಿನಲ್ಲಿ ಡ್ರೈ ಅನ್ನಿಸುತ್ತದೆ. ನಿನ್ನ +2 ಬಾಟಲಿಯಲ್ಲಿ ಆಗಿದ್ದು ಅದೇ ಇರಬೇಕು.

ಗಿರ್ಮಿಟ್:
ಕರಾ ಅಂದರೆ ಖಾರ, ಕುಚಿ ಅಂದರೆ ಬಾಯಿ. ಖಾರಬಾಯಿ! ಇದು ನಮ್ಮ ಪದ ಅಲ್ಲೇನ್ರೀ? ಹಡಗಿನಲ್ಲಿ ಹೋಗಿರಬೇಕು.

ಲ್ಯಾಬ್_ಕೋಟು:
ಹೋಗಿಲ್ಲ. ನಮ್ಮ ‘ಖಾರ’ ಬಂದದ್ದು ಸಂಸ್ಕೃತದ ‘ಕ್ಷಾರ’ದಿಂದ. ಜಪಾನಿನ ‘ಕರಾಯ್’ ಅವರದೇ ಮಾತು. ಎರಡೂ ಬಾಯಿ ಉರಿಸುವ ಪದವಾದದ್ದು ಕಾಕತಾಳೀಯ.

ಗಿರ್ಮಿಟ್:
ಇರಲಿ ಬಿಡ್ರೀ, ನಾನು ಹಡಗನ್ನೇ ನಂಬುತ್ತೇನೆ.

ಲ್ಯಾಬ್_ಕೋಟು:
ಮೂಲ ಪ್ರಶ್ನೆಗೆ ಬರುತ್ತೇನೆ. ನಾನು ಹಿರೋಶಿಮಾ ಕಡೆ ಹುದುಗುವಿಕೆಯ ಮೇಲೆ ಓದುತ್ತಿದ್ದೇನೆ, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ಡೈರಿಯಲ್ಲಿ ಹಾಲಿಗೆ ನೀರು ಬೆರೆಸಿದ್ದಾರಾ ನೋಡಲು ಗಾಜಿನ ಕಡ್ಡಿ ತೇಲಿಸುತ್ತಾರಲ್ಲ, ಲ್ಯಾಕ್ಟೋಮೀಟರ್? ನಿಹೊನ್ಶುದೊ ಅಂಥದೇ ಕಡ್ಡಿಯಲ್ಲಿ ಅಳೆಯುವುದು. 15 ಡಿಗ್ರಿಯಲ್ಲಿರುವ ಸಾಕೆಯಲ್ಲಿ ತೇಲಿಸುತ್ತಾರೆ. 4 ಡಿಗ್ರಿ ನೀರಿನಷ್ಟೇ ತೂಕ ಇದ್ದರೆ ಸೊನ್ನೆ. ಸಕ್ಕರೆ ಜಾಸ್ತಿ ಉಳಿದಿದ್ದರೆ ದ್ರವ ಭಾರ, ಕಡ್ಡಿ ಮೇಲೇಳುತ್ತದೆ, ಮೈನಸ್. ಸಕ್ಕರೆ ಕಡಿಮೆ ಇದ್ದರೆ ಹಗುರ, ಕಡ್ಡಿ ಮುಳುಗುತ್ತದೆ, ಪ್ಲಸ್. ಅಂದರೆ ಅದು ಅಳೆಯುವುದು ತೂಕವನ್ನು. ಸಿಹಿಯನ್ನಲ್ಲ.

ಎಡವಟ್ಟು ಇಲ್ಲಿದೆ. ಆಲ್ಕೋಹಾಲ್ ನೀರಿಗಿಂತ ಹಗುರ. ಹಾಗಾಗಿ ನೀರು ಬೆರೆಸದ, 18 ಪರ್ಸೆಂಟ್ ಇರುವ ಸಾಕೆಯಲ್ಲಿ ಅಷ್ಟೇ ಸಕ್ಕರೆ ಇದ್ದರೂ ಪ್ಲಸ್ ಜಾಸ್ತಿ ತೋರಿಸುತ್ತದೆ. ಸಕ್ಕರೆಗಳಲ್ಲೂ ಜಾತಿ ಇದೆ. ಗ್ಲೂಕೋಸ್ ನಾಲಿಗೆಗೆ ಚೆನ್ನಾಗಿ ಸಿಹಿ. ಉದ್ದ ಸರಪಳಿಯ ಸಕ್ಕರೆಗಳಿಗೆ ತೂಕ ಇದೆ, ಸಿಹಿ ಅಷ್ಟಿಲ್ಲ. ಕಡ್ಡಿಗೆ ಎಲ್ಲವೂ ಒಂದೇ.

ಇನ್ನು ಆಮ್ಲ. ನಿಂಬೆ ಪಾನಕ ನೆನಪಿಸಿಕೊಳ್ಳಿ. ಅಷ್ಟೇ ಸಕ್ಕರೆ ಹಾಕಿ ಒಂದಕ್ಕೆ ಅರ್ಧ ಹೋಳು, ಇನ್ನೊಂದಕ್ಕೆ ಎರಡು ಹೋಳು ಹಿಂಡಿದರೆ ಯಾವುದು ಸಿಹಿ? ನಿಮ್ಮ ಎರಡನೇ ಬಾಟಲಿಯ ಆಮ್ಲ 1.9, ಸಾಕೆಗೆ ಅದು ಒಳ್ಳೇ ಹುಳಿ. ಮೊದಲನೆಯದು 1.2, ತೆಳು. ಸಾಲದ್ದಕ್ಕೆ ಗಿಂಜೊ. ಅದರ ಯೀಸ್ಟು ಸೇಬು, ಬಾಳೆಹಣ್ಣಿನ ಪರಿಮಳ ಬಿಡುತ್ತದೆ. ಮೂಗು ‘ಹಣ್ಣು’ ಅಂದ ಕೂಡಲೇ ನಾಲಿಗೆ ‘ಸಿಹಿ’ ಅಂತ ತಲೆಯಾಡಿಸುತ್ತದೆ. ಚೀಟಿ ಸುಳ್ಳು ಹೇಳಿಲ್ಲ, ನೀವು ಒಂದೇ ಸಾಲು ಓದಿದ್ದೀರಿ.

ನಾಗಾವೊಕ_ಚಳಿ:
ಲ್ಯಾಕ್ಟೋಮೀಟರ್! ನಮ್ಮ ಮನೆಯಲ್ಲೇ ಎಮ್ಮೆ ಇತ್ತು ಸರ್, ಬೆಳಿಗ್ಗೆ ಡೈರಿಗೆ ಹಾಲು ಹಾಕಿಯೇ ಸ್ಕೂಲಿಗೆ ಹೋಗುತ್ತಿದ್ದೆ. ಈಗ ತಲೆಗೆ ಹೋಯಿತು.

ಶುದ್ಧಅಕ್ಕಿ:
ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ಬದಲು ಒಂದು ನಿಯಮ ಇಟ್ಟುಕೊಳ್ಳಿ. ಜುನ್ಮಾಯ್ ಮಾತ್ರ ಕುಡಿಯಿರಿ. ಅಕ್ಕಿ, ನೀರು, ಕೋಜಿ ಅನ್ನುವ ಬೂಷ್ಟು, ಯೀಸ್ಟು, ಮುಗಿಯಿತು. ಹೊಂಜೊಜೊ ಅಂತ ಡ್ರೈ ಹೆಸರಲ್ಲಿ ಮಾರುವುದೆಲ್ಲ ಹೊರಗಿನ ಸ್ಪಿರಿಟ್ ಬೆರೆಸಿದ ಮಾಲು.

ಬಂಗುಡೆ_ಬಾಯಿ:
ಹಾಗೆ ಹೇಳಬೇಡಿ ಮಾರಾಯ್ರೆ. ನಾನು ಕೋಬೆಯಲ್ಲಿದ್ದೇನೆ, ಸಾಕೆಗೆ ಹೆಸರಾದ ನಾಡಾ ಸೀಮೆಯ ಪಕ್ಕದಲ್ಲೇ. ಇಲ್ಲಿನ ಅರ್ಧ ಊರು ಹೊಂಜೊಜೊ ಕುಡಿದೇ ದೊಡ್ಡದಾದದ್ದು.

ಶುದ್ಧಅಕ್ಕಿ:
ಊರು ಕುಡಿದರೆ ಒಳ್ಳೆಯದು ಅಂತಾಯಿತಾ? ನಮ್ಮೂರು ಏನೇನೋ ಕುಡಿಯುತ್ತದೆ.

ಲ್ಯಾಬ್_ಕೋಟು:
ಇಬ್ಬರೂ ಸ್ವಲ್ಪ ತಡೆಯಿರಿ. ಹೊಂಜೊಜೊದಲ್ಲಿ ಬೆರೆಸುವ ಆಲ್ಕೋಹಾಲ್‌ಗೆ ಕಾನೂನಿನ ಮಿತಿ ಇದೆ, ಅಕ್ಕಿಯ ತೂಕದ 10 ಪರ್ಸೆಂಟ್ ಮೀರಬಾರದು. ಎಡೊ ಕಾಲದಲ್ಲೇ (1603–1868) ಸಾಕೆ ಕೆಡದಿರಲಿ ಅಂತ ಶೋಚು ಬೆರೆಸುವ ರೂಢಿ ಇತ್ತು. ಹಿಂಡುವ ಮೊದಲು ಸ್ವಲ್ಪ ಆಲ್ಕೋಹಾಲ್ ಹಾಕಿದರೆ ಪರಿಮಳ ಹೊರಗೆ ಬರುತ್ತದೆ, ಮೈ ಹಗುರವಾಗುತ್ತದೆ, ಅಕ್ಕ ಹೇಳಿದ ಕಿರೆ ಚುರುಕಾಗುತ್ತದೆ. ಸ್ಪರ್ಧೆಗೆ ಕಳಿಸುವ ದಾಯ್‌ಗಿಂಜೊಗಳಲ್ಲೂ (ಗಿಂಜೊಗಿಂತ ಮೇಲಿನ ದರ್ಜೆ) ಎಷ್ಟೋ ಹೀಗೆ ಬೆರೆಸಿದವೇ.

ಶುದ್ಧಅಕ್ಕಿಯವರ ಸಿಟ್ಟಿಗೆ ಕಾರಣ ಇಲ್ಲ ಅಂತಲ್ಲ. ಎರಡನೇ ಮಹಾಯುದ್ಧದ ಸಮಯದಲ್ಲಿ, ಆಮೇಲೂ ಜಪಾನಿನಲ್ಲಿ ಅಕ್ಕಿಗೆ ಬರ. ಆಗ ಸಾನ್‌ಜೋಶು ಅಂತ ಬಂತು. ಆಲ್ಕೋಹಾಲ್, ಗ್ಲೂಕೋಸ್, ಆಮ್ಲ ಎಲ್ಲ ಸೇರಿಸಿ ಒಂದು ಪಾಲನ್ನು ಮೂರು ಪಾಲು ಮಾಡುವುದು. ಅಂಟಂಟು ಸಿಹಿ. ಬರ ಮುಗಿದ ಮೇಲೂ ಬಹಳ ವರ್ಷ ಅದೇ ನಡೆಯಿತು.

ನಿಶಿಕಸಾಯ್_ಅಕ್ಕ:
ಕರಾಕುಚಿ ಅನ್ನುವ ಪದಕ್ಕೆ ಇಷ್ಟು ಮರ್ಯಾದೆ ಬಂದದ್ದೇ ಅದರಿಂದ. ಸಿಹಿ ಸಾಕೆ ಅಂದರೆ ಅಗ್ಗದ್ದು, ಡ್ರೈ ಅಂದರೆ ಒಳ್ಳೆಯದು ಅಂತ ಜನರ ಮನಸ್ಸಲ್ಲಿ ಕೂತುಬಿಟ್ಟಿತು. 1980ರ ದಶಕದಲ್ಲಿ ನೀಗಾತದವರ ‘ತಾನ್ರೇ ಕರಾಕುಚಿ’, ಅಂದರೆ ತೆಳುವಾದ ಡ್ರೈ ಶೈಲಿ, ದೇಶವೆಲ್ಲ ಹಬ್ಬಿತು. ಅಲ್ಲಿನ ಕುಬೋತಾ ಬ್ರ್ಯಾಂಡ್ ಶುರುವಾದದ್ದು 1985ರಲ್ಲಿ. 1987ರಲ್ಲಿ ಅಸಾಹಿ ಸೂಪರ್ ಡ್ರೈ ಬಿಯರ್ ಬಂತು, ಅದರ ಮೇಲೂ ಕರಾಕುಚಿ ಅಂತಲೇ ಬರೆದರು.

ನಾಗಾವೊಕ_ಚಳಿ:
ಕುಬೋತಾ ನಮ್ಮ ಊರಿನದೇ ಅಕ್ಕ! ಅಸಾಹಿ ಶುಜೊ ಅಂತ ಕಂಪನಿ ಹೆಸರು. ನಾನು ಮೊದಲು ಬಿಯರ್ ಅಸಾಹಿಯವರೇ ಅಂದುಕೊಂಡಿದ್ದೆ.

ನಿಶಿಕಸಾಯ್_ಅಕ್ಕ:
ಅಲ್ಲ, ಬೇರೆ ಬೇರೆ. ಯಮಗುಚಿಯಲ್ಲಿ ದಸ್ಸಾಯ್ ಅನ್ನುವ ಸಾಕೆ ಮಾಡುವವರೂ ಬಹಳ ಕಾಲ ಅಸಾಹಿ ಶುಜೊ ಅನ್ನುವ ಹೆಸರಲ್ಲೇ ಇದ್ದರು, ಅವರೂ ಬೇರೆ. ನಮ್ಮಲ್ಲಿ ಊರಿಗೊಂದು ಲಕ್ಷ್ಮೀ ವೆಂಕಟೇಶ್ವರ ಸ್ಟೋರ್ಸ್ ಇದ್ದ ಹಾಗೆ.

ನೀರುಮಜ್ಜಿಗೆ:
ಕನ್ನಡದ ಕಟ್ಟೆಯಲ್ಲಿ ಹೆಂಡದ ಪಾಠ. ಬಸವಣ್ಣ ಹುಟ್ಟಿದ ನಾಡು ಇದು.

ಒಣಮೆಣಸು:
ಯಜಮಾನರೇ, ನೀವು ಮಜ್ಜಿಗೆ ಹುದುಗಿಸುವುದೂ ಬ್ಯಾಕ್ಟೀರಿಯಾ ಕೈಲೇ.

ಕಟ್ಟೆ_ಕಾವಲು (ಮೇಲ್ವಿಚಾರಕ):
ಕುಡಿಯದವರು ಕುಡಿಯಬೇಡಿ, ಒತ್ತಾಯ ಇಲ್ಲ. ಕುಡಿಯುವವರಿಗೆ ನೆನಪಿರಲಿ: ಜಪಾನಿನಲ್ಲಿ 20 ತುಂಬಿರಬೇಕು. ಕುಡಿದು ಗಾಡಿ ಓಡಿಸಿದರೆ ಓಡಿಸಿದವನಿಗಷ್ಟೇ ಅಲ್ಲ, ಗೊತ್ತಿದ್ದೂ ಪಕ್ಕದಲ್ಲಿ ಕೂತವನಿಗೂ, ಕುಡಿಸಿದವನಿಗೂ ಶಿಕ್ಷೆ. 2024ರ ನವೆಂಬರ್‌ನಿಂದ ಸೈಕಲ್‌ಗೂ ಬಿಗಿ ಮಾಡಿದ್ದಾರೆ. ಎರಡು ಬಟ್ಟಲು ಹಾಕಿ ‘ಸೈಕಲ್ ತಾನೆ’ ಅಂತ ಹತ್ತಬೇಡಿ.

ನೀರುಮಜ್ಜಿಗೆ:
ಒತ್ತಾಯ ಇಲ್ಲ ಅನ್ನುತ್ತೀರಿ. ನನ್ನ ಮಗ ಅಲ್ಲಿಯೇ ಕೆಲಸಕ್ಕಿದ್ದಾನೆ. ಪಾರ್ಟಿಯಲ್ಲಿ ಬಟ್ಟಲು ಖಾಲಿಯಾದ ಕೂಡಲೇ ಪಕ್ಕದವರು ತುಂಬುತ್ತಾರಂತೆ. ಬೇಡ ಅನ್ನಲು ಅವನಿಗೆ ಸಂಕೋಚ.

ನಿಶಿಕಸಾಯ್_ಅಕ್ಕ:
ಅದಕ್ಕೆ ದಾರಿ ಇದೆ ಸರ್. ಇಲ್ಲಿ ತನ್ನ ಬಟ್ಟಲಿಗೆ ತಾನೇ ಸುರಿದುಕೊಳ್ಳುವುದಿಲ್ಲ, ಒಬ್ಬರು ಇನ್ನೊಬ್ಬರಿಗೆ ಹಾಕುತ್ತಾರೆ. ಖಾಲಿ ಬಟ್ಟಲು ಅಂದರೆ ‘ಇನ್ನೂ ಬೇಕು’ ಅಂತ ಅರ್ಥ. ತುಂಬಿದ ಬಟ್ಟಲನ್ನು ಹಾಗೇ ಇಟ್ಟುಕೊಂಡರೆ ಯಾರೂ ಸುರಿಯುವುದಿಲ್ಲ. ನಮ್ಮ ಮದುವೆ ಊಟದಲ್ಲಿ ಎಲೆ ಮೇಲೆ ಒಂದು ತುತ್ತು ಬಿಟ್ಟ ಹಾಗೆ. ಮೊದಲಿಗೇ ‘ಊಲಾಂಗ್ ಚಹಾ’ ಅಂತ ಹೇಳಿದರೂ ಈಗ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನನ್ನ ಗಂಡ 11 ವರ್ಷದಿಂದ ಚಹಾದಲ್ಲೇ ಕಾಂಪಾಯ್ (ಚಿಯರ್ಸ್) ಮಾಡುತ್ತಿದ್ದಾರೆ.

ನೀರುಮಜ್ಜಿಗೆ:
ಮಗನಿಗೆ ಹೇಳುತ್ತೇನೆ ತಾಯಿ. ಥ್ಯಾಂಕ್ಸ್.

ಬಂಗುಡೆ_ಬಾಯಿ:
ಡ್ರೈ ವಿಷಯಕ್ಕೆ ನಮ್ಮ ನಾಡಾ ಕಥೆ ಹೇಳದಿದ್ದರೆ ಪಾಪ ತಟ್ಟುತ್ತದೆ. ಕೋಬೆಯಿಂದ ನಿಶಿನೊಮಿಯಾವರೆಗಿನ ಕಡಲ ದಂಡೆ ಇದು. ಹಿಂದೆ ಯಮಾಮುರಾ ತಾಝಾಯೆಮೊನ್ ಅಂತ ಸಾಕೆ ಮಾಡುವವರೊಬ್ಬರು ಇದ್ದರು. ಅವರಿಗೆ ಎರಡು ಕುರಾ, ಒಂದು ನಿಶಿನೊಮಿಯಾದಲ್ಲಿ, ಒಂದು ಉಒಝಾಕಿಯಲ್ಲಿ. ನಿಶಿನೊಮಿಯಾದ್ದು ಯಾವಾಗಲೂ ಚೆನ್ನಾಗಿ ಬರುತ್ತಿತ್ತು. ಅಕ್ಕಿ ಬದಲಿಸಿದರು, ಕೆಲಸದವರನ್ನು ಬದಲಿಸಿದರು, ಏನೂ ಆಗಲಿಲ್ಲ. ಕೊನೆಗೆ ನಿಶಿನೊಮಿಯಾ ಬಾವಿ ನೀರನ್ನೇ ಉಒಝಾಕಿಗೆ ಹೊತ್ತು ತರಿಸಿದರು. ಅಲ್ಲೂ ಚೆನ್ನಾಗಿ ಬಂತು! 1840ರ ಮಾತು. ಆ ನೀರಿಗೆ ಮಿಯಾಮಿಝು ಅಂತ ಹೆಸರು. ಗಡುಸು ನೀರು. ರಂಜಕ, ಪೊಟ್ಯಾಸಿಯಂ ಜಾಸ್ತಿ, ಕಬ್ಬಿಣ ತೀರಾ ಕಡಿಮೆ. ಯೀಸ್ಟಿಗೆ ಹಬ್ಬದೂಟ. ಸಕ್ಕರೆ ಎಲ್ಲ ಗಬಗಬ ತಿಂದು ಮುಗಿಸುತ್ತದೆ. ಅದಕ್ಕೇ ನಾಡಾ ಸಾಕೆ ಡ್ರೈ, ‘ಗಂಡು ಸಾಕೆ’ ಅಂತಾರೆ. ಕ್ಯೋಟೋದ ಫುಶಿಮಿಯಲ್ಲಿ ನೀರು ಮೆದು, ಸಾಕೆಯೂ ಮೆದು, ಅದು ‘ಹೆಣ್ಣು ಸಾಕೆ’.

ನಿಶಿಕಸಾಯ್_ಅಕ್ಕ:
ಈ ಗಂಡು ಹೆಣ್ಣು ಹೆಸರಿಟ್ಟವರು ನನ್ನ ಅತ್ತೆಯನ್ನು ನೋಡಿರಲಿಲ್ಲ.

ನಾಗಾವೊಕ_ಚಳಿ:
ಆದರೆ ಅಣ್ಣ, ಒಂದು ಅನುಮಾನ. ನಮ್ಮ ನೀಗಾತದಲ್ಲಿ ಹಿಮ ಕರಗಿದ ನೀರು. ಸೋಪು ಹಾಕಿದರೆ ನೊರೆ ಹೋಗುವುದೇ ಇಲ್ಲ, ಅಷ್ಟು ಮೆದು. ನಿಮ್ಮ ಲೆಕ್ಕದಲ್ಲಿ ಇಲ್ಲಿನದು ಸಿಹಿ ಇರಬೇಕಿತ್ತಲ್ಲ?

ಬಂಗುಡೆ_ಬಾಯಿ:
…ಇದಕ್ಕೆ ಲ್ಯಾಬಿನವರೇ ಉತ್ತರ ಕೊಡಲಿ.

ಲ್ಯಾಬ್_ಕೋಟು:
ಒಳ್ಳೇ ಪ್ರಶ್ನೆ. ನೀರು ಒಂದು ಕಾರಣ, ಒಂದೇ ಕಾರಣ ಅಲ್ಲ. ನೀಗಾತದಲ್ಲಿ ಚಳಿ ಇದೆ, ಹುದುಗನ್ನು ತಣ್ಣಗೆ ಇಟ್ಟು ನಿಧಾನವಾಗಿ, ಬಹಳ ದಿನ ಎಳೆಯುತ್ತಾರೆ. ಅಲ್ಲಿನ ಗೋಹ್ಯಾಕುಮಾನ್‌ಗೋಕು ಅಕ್ಕಿಯೂ ತೆಳು ರುಚಿಯದು. ಯೀಸ್ಟು ಎಷ್ಟು ತಿಂದ ಮೇಲೆ ನಿಲ್ಲಿಸಬೇಕು ಅನ್ನುವುದು ತೋಜಿಯ, ಅಂದರೆ ಮುಖ್ಯ ಕುಶಲಿಯ ಕೈಯಲ್ಲಿದೆ. ನಾಡಾದ ಡ್ರೈ ಎದೆ ಸೆಟೆಸಿ ಬರುತ್ತದೆ. ನೀಗಾತದ ಡ್ರೈ ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುತ್ತದೆ.

ಶುದ್ಧಅಕ್ಕಿ:
ನೀಗಾತದ್ದು ಕುಡಿದರೆ ನೀರು ಕುಡಿದ ಹಾಗೆ ಅಂತ ಬಯ್ಯುವವರೂ ಇದ್ದಾರೆ. ಅವರಲ್ಲಿ ನಾನೊಬ್ಬ.

ನಾಗಾವೊಕ_ಚಳಿ:
ನೀರಿನ ಹಾಗೆ ಇರುವುದೇ ಹೊಗಳಿಕೆ ಇಲ್ಲಿ!

ಶಿರಸಿ_ಮಾಣಿ:
ಕಿಮೊತೊ ಅಂದರೇನು ಯಾರೂ ಹೇಳಲೇ ಇಲ್ಲ. ನಾನು ಕೇಳಿದ್ದು, ಅದು ನಮ್ಮ ಇಡ್ಲಿ ಹಿಟ್ಟಿನ ಹಾಗೆಯೇ ಹುಳಿ ಬರಿಸುವುದು ಅಂತ. ಹೌದಾ?

ಲ್ಯಾಬ್_ಕೋಟು:
ಅರ್ಧ ಹೌದು. ಯೀಸ್ಟಿನ ಮೊದಲ ಹುದುಗು ಇದೆಯಲ್ಲ, ಅದರಲ್ಲಿ ಬೇರೆ ಕೆಟ್ಟ ಕ್ರಿಮಿ ಬೆಳೆಯದಿರಲು ಹುಳಿ ಬೇಕು. ಈಗ ಹೆಚ್ಚಿನವರು ಲ್ಯಾಕ್ಟಿಕ್ ಆಮ್ಲವನ್ನು ನೇರವಾಗಿ ಹಾಕುತ್ತಾರೆ, ಎರಡು ವಾರದಲ್ಲಿ ತಯಾರು. ಕಿಮೊತೊದಲ್ಲಿ ಹಾಕುವುದಿಲ್ಲ. ಬೆಂದ ಅಕ್ಕಿ, ಕೋಜಿ, ನೀರನ್ನು ಉದ್ದ ಕೋಲಿನಿಂದ ಅರೆದು, ತಾನಾಗಿ ಬರುವ ಬ್ಯಾಕ್ಟೀರಿಯಾ ಹುಳಿ ಮಾಡಲಿ ಅಂತ ಕಾಯುತ್ತಾರೆ. ಸುಮಾರು ಒಂದು ತಿಂಗಳು. ಕಾಯುವ ಈ ಭಾಗ ಇಡ್ಲಿ ಹಿಟ್ಟಿನ ಬಂಧುವೇ. ಅರೆಯುವುದನ್ನು ಬಿಟ್ಟರೂ ನಡೆಯುತ್ತದೆ ಅಂತ 1909ರಲ್ಲಿ ಕಂಡುಕೊಂಡರು, ಅದಕ್ಕೆ ಯಮಾಹಾಯ್ ಅಂತ ಹೆಸರು.

ಆದರೆ ಇಡ್ಲಿಯಲ್ಲಿ ಕೋಜಿ ಇಲ್ಲ. ಕೋಜಿ ಒಂದು ಬೂಷ್ಟು. ಬೆಂದ ಅಕ್ಕಿ ಮೇಲೆ ಬೆಳೆದು ಪಿಷ್ಟವನ್ನು ಸಕ್ಕರೆ ಮಾಡುತ್ತದೆ. ಅದೇ ತೊಟ್ಟಿಯಲ್ಲಿ, ಅದೇ ಹೊತ್ತಿಗೆ, ಯೀಸ್ಟು ಆ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತದೆ. ಒಬ್ಬ ಬಡಿಸುತ್ತಾ ಹೋಗುವುದು, ಇನ್ನೊಬ್ಬ ತಿನ್ನುತ್ತಾ ಹೋಗುವುದು. ಇಬ್ಬರಲ್ಲಿ ತಿನ್ನುವವನು ಗೆದ್ದರೆ ಡ್ರೈ.

ಒಣಮೆಣಸು:
ನಮ್ಮ ಮನೆಯಲ್ಲಿ ಬಡಿಸುವವರು ಗೆಲ್ಲುವುದಿಲ್ಲ, ಹಾಗಾದರೆ ನಮ್ಮದು ಡ್ರೈ ಕುಟುಂಬ.

ನಿಶಿಕಸಾಯ್_ಅಕ್ಕ:
ನಾಗಾವೊಕ ತಮ್ಮನಿಗೆ ಒಂದು ಕೆಲಸ ಕೊಡುತ್ತೇನೆ. ಎರಡೂ ಬಾಟಲಿ ಇನ್ನೂ ಉಳಿದಿವೆಯಾ? ಒಂದೊಂದನ್ನು ಮೂರು ಹದದಲ್ಲಿ ಕುಡಿದು ನೋಡು. ಫ್ರಿಜ್ಜಿನ ತಣ್ಣಗಿನದು, ಕೋಣೆಯ ಹದದ್ದು, 45 ಡಿಗ್ರಿ ಬಿಸಿಯದು. ಜಪಾನಿನವರು ಪ್ರತಿ 5 ಡಿಗ್ರಿಗೂ ಒಂದು ಹೆಸರಿಟ್ಟಿದ್ದಾರೆ. 5 ಡಿಗ್ರಿ ‘ಹಿಮದ ತಂಪು’, 10 ‘ಹೂವಿನ ತಂಪು’, 30 ‘ಬಿಸಿಲಿನ ಬಿಸಿ’, 35 ‘ಮೈಯ ಬಿಸಿ’, 40 ನುರುಕಾನ್, 45 ಜೋಕಾನ್, 50 ಅತ್ಸುಕಾನ್. ಒಂದು ಮೋಸ ಗೊತ್ತಿರಲಿ. ‘ಹಿಯಾ’ ಅಂದರೆ ತಂಪು ಅಂತ ಅನ್ನಿಸಿದರೂ ಸಾಕೆಯಲ್ಲಿ ಅದು ಕೋಣೆಯ ಹದ. ಫ್ರಿಜ್ಜು ಬರುವ ಮೊದಲಿನ ಪದ. ಬಿಸಿ ಮಾಡದ್ದೆಲ್ಲ ಆಗ ತಂಪೇ.

ಬಿಸಿ ಮಾಡಲು ಮೈಕ್ರೋವೇವ್ ಬೇಡ. ಪಾತ್ರೆಯಲ್ಲಿ ನೀರು ಕುದಿಸಿ ಒಲೆ ಆರಿಸಿ, ತೊಕ್ಕುರಿ ಹೂಜಿಯನ್ನು ಕುತ್ತಿಗೆವರೆಗೆ ಮುಳುಗಿಸಿ ಎರಡು ಮೂರು ನಿಮಿಷ ಇಡು. ತಳ ಮುಟ್ಟಿದರೆ ಹಿತವಾಗಿ ಬಿಸಿ ಅನ್ನಿಸಬೇಕು. ಪಕ್ಕದಲ್ಲಿ ಒಂದು ಲೋಟ ನೀರು ಇಟ್ಟುಕೋ, ನಡುನಡುವೆ ಕುಡಿ.

ಲ್ಯಾಬ್_ಕೋಟು:
ಬಟ್ಟಲು ಬಿಳಿ ಪಿಂಗಾಣಿಯದು ಇರಲಿ. ತಳದಲ್ಲಿ ಎರಡು ನೀಲಿ ಬಳೆ ಇರುವ ರುಚಿ ನೋಡುವ ಬಟ್ಟಲು ಸಿಕ್ಕರೆ ಇನ್ನೂ ಒಳ್ಳೆಯದು. ಆ ಬಳೆ ಚಂದಕ್ಕಲ್ಲ. ನೀಲಿಯ ಅಂಚು ಚೂಪಾಗಿ ಕಂಡರೆ ಸಾಕೆ ತಿಳಿ, ಮಸುಕಾದರೆ ಕದಡಿದೆ. ಬಿಳಿ ಭಾಗದಲ್ಲಿ ಬಣ್ಣ ನೋಡಬಹುದು. ಒಂದು ಚಮಚದಷ್ಟು ಬಾಯಿಗೆ ಹಾಕಿ, ಸ್ವಲ್ಪ ಗಾಳಿ ಎಳೆದು, ನಾಲಿಗೆ ತುಂಬ ಹರಡಿ. ನುಂಗಿದ ಮೇಲೆ ಮನಸ್ಸಲ್ಲೇ ಐದು ಎಣಿಸಿ. ರುಚಿ ಎಲ್ಲಿ ನಿಲ್ಲುತ್ತದೆ ನೋಡಿ.

ತೋಸಾ_ತಿಮ್ಮ:
ಇಷ್ಟು ಶಿಸ್ತು ಮಾಡಿದರೆ ಕುಡಿಯುವುದು ಯಾವಾಗ? ನಾನು ಎರಡು ವರ್ಷ ಶಿಕೋಕುವಿನ ಕೋಚಿಯಲ್ಲಿದ್ದೆ. ಹಳೇ ಹೆಸರು ತೋಸಾ. ಅಲ್ಲಿ ಎಲ್ಲವೂ ಡ್ರೈ, ಮತ್ತೆ ಯಾರೂ ಎಣಿಸುವುದಿಲ್ಲ. ಸುಯ್‌ಗೇ ಅಂತ ಒಂದು ಬ್ರ್ಯಾಂಡ್, ಅರ್ಥ ‘ಕುಡಿದ ತಿಮಿಂಗಿಲ’. ಅಲ್ಲಿನ ದೊರೆ ಯಮಾಉಚಿ ಯೋದೊ ತನ್ನನ್ನು ತಿಮಿಂಗಿಲ ಕಡಲಿನ ಕುಡುಕ ದೊರೆ ಅಂತ ಕರೆದುಕೊಂಡಿದ್ದ, ಹೆಸರು ಅದರಿಂದ ಬಂದದ್ದು. ಬಟ್ಟಲುಗಳಂತೂ ಕೇಳಬೇಡಿ. ಬೆಕುಹಾಯ್ ಅಂತ. ಒಂದಕ್ಕೆ ತೆಂಗು ಭೂತದ ಉದ್ದ ಮೂಗು, ಕೆಳಗಿಟ್ಟರೆ ಉರುಳುತ್ತದೆ. ಇನ್ನೊಂದಕ್ಕೆ ಬಾಯಲ್ಲಿ ತೂತು, ಬೆರಳಿಟ್ಟು ಮುಚ್ಚಿಕೊಂಡೇ ಕುಡಿಯಬೇಕು. ಬುಗುರಿ ತಿರುಗಿಸಿ ಯಾರ ಕಡೆ ತೋರಿಸುತ್ತದೋ ಅವರು ಅದರಲ್ಲಿ ಕುಡಿಯುವುದು. ಖಾಲಿ ಮಾಡುವವರೆಗೆ ಕೆಳಗಿಡುವ ಹಾಗಿಲ್ಲ.

ಗಿರ್ಮಿಟ್:
ತೆಂಗು ಭೂತ ಅಂದರೆ ತೆಂಗಿನ ಮರದ ಭೂತವೇ?

ತೋಸಾ_ತಿಮ್ಮ:
ಅಲ್ರೀ, ಅದರ ಹೆಸರೇ ತೆಂಗು. ಇದಕ್ಕೂ ಹಡಗು ಹತ್ತಿಸಬೇಡಿ.

ಬಂಗುಡೆ_ಬಾಯಿ:
ಕೋಚಿಯಲ್ಲಿ ಕತ್ಸುಒ ಮೀನನ್ನು ಹುಲ್ಲಿನ ಬೆಂಕಿಯಲ್ಲಿ ಹೊರಗಷ್ಟೇ ಸುಟ್ಟು ಬೆಳ್ಳುಳ್ಳಿ ಜೊತೆ ಕೊಡುತ್ತಾರೆ, ಅಲ್ವಾ ತಿಮ್ಮಣ್ಣ? ಅದಕ್ಕೆ ಡ್ರೈ ಸಾಕೆಯೇ ಬೇಕು. ನಾನು ಮನೆಯಲ್ಲಿ ಬಂಗುಡೆಗೆ ಉಪ್ಪು ಮಾತ್ರ ಹಚ್ಚಿ ಸುಡುತ್ತೇನೆ, ಇಲ್ಲಿ ಸಾಬಾ ಶಿಯೊಯಾಕಿ ಅಂತಾರೆ. ಬಂಗುಡೆಯ ಎಣ್ಣೆ ಬಾಯಲ್ಲಿ ಕೂತಿರುತ್ತದೆ, ಒಂದು ಗುಟುಕು ಬಿಸಿ ಕರಾಕುಚಿ ಅದನ್ನು ಒರೆಸಿಕೊಂಡು ಹೋಗುತ್ತದೆ. ಮತ್ತೆ ಮೀನು ಹೊಸದು. ಅಮ್ಮನ ಪುಳಿಮುಂಚಿ ಜೊತೆ ಒಂದು ಸಲ ಮಾಡಿ ನೋಡಿದೆ. ಬೇಡ. ಮಸಾಲೆ ಮುಂದೆ ಸಾಕೆ ಬಿಸಿನೀರಾಗಿ ಹೋಯಿತು.

ಶಿರಸಿ_ಮಾಣಿ:
ಮೀನು ತಿನ್ನದವರು ಏನು ಮಾಡಬೇಕು?

ನಿಶಿಕಸಾಯ್_ಅಕ್ಕ:
ತಣ್ಣಗಿನ ತೋಫು, ಉಪ್ಪು ಹಾಕಿ ಬೇಯಿಸಿದ ಎದಮಾಮೆ (ಎಳೇ ಸೋಯಾ ಕಾಯಿ), ತರಕಾರಿ ತೆಂಪುರಾ ಉಪ್ಪಿನ ಜೊತೆ. ತೆಂಪುರಾ ಅದ್ದುವ ಸಾರು ಬೇಡ, ಅದರಲ್ಲಿ ದಾಶಿ, ಅಂದರೆ ಮೀನಿನ ರಸ ಇರುತ್ತದೆ. ಮನೆಯಲ್ಲಿ ನಾನು ಹೆಸರುಬೇಳೆ ಕೋಸಂಬರಿ ಮಾಡುತ್ತೇನೆ, ಒಗ್ಗರಣೆಗೆ ಮೆಣಸು ಹಾಕದೆ. ಚೆನ್ನಾಗಿ ಹೊಂದುತ್ತದೆ. ಬೇಯಿಸಿದ ಕಡಲೆಕಾಯಿ ಇನ್ನೂ ಚೆನ್ನಾಗಿ. ಎಚಿಗೊ ಯುಝಾವಾ ಸ್ಟೇಷನ್ನಿನ ಪೊನ್ಶುಕಾನ್‌ನಲ್ಲಿ ನೋಡಿ, ನಾಣ್ಯ ಹಾಕಿ ಬಟ್ಟಲು ಬಟ್ಟಲಾಗಿ ರುಚಿ ನೋಡುವ ಗೋಡೆ ತುಂಬ ಯಂತ್ರಗಳು. ಪಕ್ಕದಲ್ಲಿ ಹತ್ತಾರು ಬಗೆಯ ಉಪ್ಪು ಇಟ್ಟಿರುತ್ತಾರೆ. ಡ್ರೈ ಸಾಕೆಗೆ ಚಿಟಿಕೆ ಉಪ್ಪು ಸಾಕು.

ಒಣಮೆಣಸು:
ಅಕ್ಕ ‘ಸಾಕು’ ಅಂದರು. ನಾನಲ್ಲ.

ಕಟ್ಟೆ_ಕಾವಲು (ಮೇಲ್ವಿಚಾರಕ):
ಈ ಸಲ ಬಿಟ್ಟಿದ್ದೇನೆ.

ನಾಗಾವೊಕ_ಚಳಿ:
ನಾಲ್ಕು ದಿನ ಆಯಿತು, ವರದಿ ತಂದಿದ್ದೇನೆ. ಎರಡು ರಾತ್ರಿಯಲ್ಲಿ ಮಾಡಿದ್ದು, ಒಂದೇ ರಾತ್ರಿ ಅಲ್ಲ.

+5 ಗಿಂಜೊ: ತಣ್ಣಗಿದ್ದಾಗ ಸಿಹಿ ತಗ್ಗಿತು, ಚುರುಕು ಕಂಡಿತು. ಅರೆ, ಇದು ಡ್ರೈಯೇ ಅಲ್ವಾ ಅಂದುಕೊಂಡೆ. ಕೋಣೆಯ ಹದದಲ್ಲಿ ಮತ್ತೆ ಸೇಬು. ಮೊದಲ ದಿನ ನಾನು ಕುಡಿದದ್ದು ಹೀಗೆ. 45ರಲ್ಲಿ ಹಾಳು. ಸೇಬು ಓಡಿಹೋಗಿ ಸ್ಪಿರಿಟ್ ಮೂಗಿಗೆ ಹೊಡೆಯಿತು.

+2 ಕಿಮೊತೊ: ತಣ್ಣಗಿದ್ದಾಗ ಒರಟು, ಹುಳಿ ಮಾತ್ರ. ಕೋಣೆಯ ಹದದಲ್ಲಿ ಅನ್ನದ ಗಂಜಿಯ ವಾಸನೆ, ಖಡಕ್ಕು. 45ರಲ್ಲಿ ಏನಾಯಿತು ಹೇಳಲು ಬರುವುದಿಲ್ಲ. ಬಾಯಿಗೆ ಬಂದಾಗ ಮೆತ್ತಗೆ, ಸ್ವಲ್ಪ ಸಿಹಿಯೇ. ಐದು ಎಣಿಸುವಷ್ಟರಲ್ಲಿ, ಇಲ್ಲ, ಮೂರಕ್ಕೇ ಎಲ್ಲ ಹೋಯಿತು. ಬಾಯಿ ತೊಳೆದ ಹಾಗೆ. ಹೊರಗೆ ಹಿಮ ಬೀಳುತ್ತಿತ್ತು. ಕಡಲೆಕಾಯಿ ಇರಲಿಲ್ಲ, ಅಮ್ಮ ಕಳಿಸಿದ್ದ ಹಪ್ಪಳ ಸುಟ್ಟುಕೊಂಡೆ.

ಲ್ಯಾಬ್_ಕೋಟು:
ಬಿಸಿಯಾದಾಗ ನಾಲಿಗೆಗೆ ಸಿಹಿ, ಉಮಾಮಿ (ಸಾರಿನಂಥ ತುಂಬು ರುಚಿ) ಎರಡೂ ಜಾಸ್ತಿ ಗೊತ್ತಾಗುತ್ತವೆ. ಹುಳಿ ಗಟ್ಟಿ ಇದ್ದುದರಿಂದ ಸಿಹಿ ಅಲ್ಲೇ ಕೂರಲಿಲ್ಲ. ನಿಮ್ಮ ವರದಿ ನನ್ನ ತರಗತಿಯ ಕೆಲವರದಕ್ಕಿಂತ ಚೆನ್ನಾಗಿದೆ.

ಶುದ್ಧಅಕ್ಕಿ:
ಎರಡೂ ಜುನ್ಮಾಯ್ ಅಂತ ದಯವಿಟ್ಟು ಎಲ್ಲರೂ ಗಮನಿಸಿ.

ಬಂಗುಡೆ_ಬಾಯಿ:
ಮುಂದಿನ ಬಾಟಲಿ ನಾಡಾದ ಹೊಂಜೊಜೊ ತಗೊಳ್ಳಿ ತಮ್ಮಾ, ಕಿಮೊತೊ ಪದ್ಧತಿಯದೂ ಸಿಗುತ್ತದೆ. ಬೆಲೆಯೂ ಕಡಿಮೆ. ಶುದ್ಧಅಕ್ಕಿಯವರಿಗೆ ಹೇಳಬೇಡಿ.

ಗಿರ್ಮಿಟ್:
ಊರಿಗೆ ಒಯ್ಯಬಹುದೇನ್ರೀ? ಬೆಂಗಳೂರಿನ ಹೋಟೆಲಿನಲ್ಲಿ ಒಂದು ಪುಟ್ಟ ಹೂಜಿಯ ಬೆಲೆ ನೋಡಿ ಮೆನು ಮುಚ್ಚಿಬಿಟ್ಟೆ.

ಶಿರಸಿ_ಮಾಣಿ:
ಒಬ್ಬರಿಗೆ 2 ಲೀಟರ್‌ವರೆಗೆ ಸುಂಕ ಇಲ್ಲ. 720 ಮಿಲಿಯ ಬಾಟಲಿಯಾದರೆ ಎರಡು. ನಾನು ಜಾಣತನ ಮಾಡಲು ಹೋಗಿ 1.8 ಲೀಟರಿನ ಇಶ್ಶೊಬಿನ್ ತಂದಿದ್ದೆ. ಪಂಚೆಯಲ್ಲಿ ಸುತ್ತಿ, ಮಧ್ಯದಲ್ಲಿ ಸ್ವೆಟರ್ ಇಟ್ಟು. ಒಡೆಯಲಿಲ್ಲ. +12ರ ಭಯಂಕರ ಡ್ರೈ. ಮಾವ, ಭಾವ, ನಾನು ಮೂವರು ತೋಟದ ಮನೆಯಲ್ಲಿ ಕೂತು ಮುಗಿಸಿದೆವು, ಒಂದು ವಾರ ಹಿಡಿಯಿತು. ಮಾವ ಪ್ರತಿ ಸಲವೂ ‘ಏನೂ ರುಚಿಯೇ ಇಲ್ಲವಲ್ಲೋ’ ಅನ್ನುತ್ತಲೇ ಬಟ್ಟಲು ಮುಂದೆ ಹಿಡಿಯುತ್ತಿದ್ದರು.

ನಿಶಿಕಸಾಯ್_ಅಕ್ಕ:
ಆ ದೊಡ್ಡ ಬಾಟಲಿ ಏನು ಮಾಡಿದಿರಿ? ಇಲ್ಲಿ ನನ್ನ ಹತ್ತಿರ ಆರು ಸೇರಿವೆ, ಎಸೆಯಲು ಮನಸ್ಸಿಲ್ಲ.

ಶಿರಸಿ_ಮಾಣಿ:
ಅಮ್ಮ ತೊಳೆದು ಬಿಸಿಲಿಗಿಟ್ಟರು. ಈಗ ಅದರಲ್ಲಿ ಜೋನಿ ಬೆಲ್ಲ ಇದೆ. ಮುಂದೆ ಇನ್ನೂ ಆ ಚೀಟಿ ಹಾಗೇ ಇದೆ, ‘ಚೋ ಕರಾಕುಚಿ’, ಅತೀ ಡ್ರೈ.

ಲ್ಯಾಬ್_ಕೋಟು:
ಅದರಲ್ಲಿ ಕಡ್ಡಿ ತೇಲಿಸಿದರೆ ಚಿಮ್ಮಿ ಅಟ್ಟಕ್ಕೆ ಹೋಗುತ್ತದೆ.